ಮಡಿಯಿಂದ ಮಡಿಲಿಗೆ

ಮಧ್ಯಾಹ್ನದ ಊಟ ಮುಗಿದು ಪಾತ್ರೆಗಳನ್ನು ಕವುಚಿ ಹಾಕಿದ ಮೇಲೆ, ಬಾಲ್ಕನಿಯ ಹಗ್ಗದ ಮೇಲಿನ ಬಟ್ಟೆಗಳನ್ನೆಲ್ಲ ಎಳೆದು ತಂದು ಹಾಲಿನ ನೆಲದ ಮೇಲೆ ಗುಡ್ಡೆ ಹಾಕಿಕೊಂಡು ಒಂದೊಂದಾಗಿ ಮಡಿಸುತ್ತ ಕೂರುವುದು ಈ ಮನೆಯಲ್ಲಿ ನಾನಾಗಿಯೇ ವಹಿಸಿಕೊಂಡ ಕೆಲಸ. ಚೆನ್ನೈನ ಈ ಪೆರಂಬೂರಿನ ಬಿಸಿಲಿಗೆ ಬಟ್ಟೆ ಹಪ್ಪಳದಂತೆ ಒಣಗುತ್ತದೆ. ನಿಮ್ಮ ಅಪ್ಪ, ಅಂದರೆ ನನ್ನ ಅಳಿಯ, ರೈಲು ಡಬ್ಬಿ ಕಟ್ಟುವ ಕಾರ್ಖಾನೆಗೆ ಹಾಕಿಕೊಂಡು ಹೋಗುವ ನೀಲಿ ಅಂಗಿ, ಎಷ್ಟು ಉಜ್ಜಿದರೂ ತೋಳಿನ ಅಂಚಿನಲ್ಲಿ ಎಣ್ಣೆಯ ನೆರಳು ಉಳಿಸಿಕೊಂಡೇ ಇರುತ್ತದೆ. ಅನಘಾ, ನಿನ್ನ ಶಾಲೆಯ ಲಂಗ. ಇಳಾ, ನಿನ್ನ ಅಂಗೈಯಗಲದ ಚಡ್ಡಿಗಳು. ಇವುಗಳ ನಡುವೆ ನನ್ನದೊಂದು ಬಣ್ಣ ಮಾಸಿದ ಹತ್ತಿಯ ಸೀರೆ. ಮೊಣಕಾಲಿನ ಮೇಲಿಟ್ಟು, ಅಂಚಿಗೆ ಅಂಚು ಸೇರಿಸಿ, ಅಂಗೈಯಿಂದ ಒಮ್ಮೆ ಸವರಿ ಮಡಿಸಿದರೆ ಬಟ್ಟೆಗೆ ಸಮಾಧಾನವಾದಂತೆ ನನಗೆ ಕಾಣುತ್ತದೆ. ಈ ಕೆಲಸ ಮಾಡುವಾಗ ಯಾರ ಜೊತೆಯೂ ಮಾತಾಡಬೇಕಾಗಿಲ್ಲ ಎಂಬುದು ನನ್ನಂಥ ಮಾತು ಕಡಿಮೆಯವಳಿಗೆ ಇನ್ನೊಂದು ಸುಖ.

ಹೀಗೆ ಮಡಿಸುತ್ತ ಕೂತಾಗಲೇ ಈ 'ಮಡಿ' ಎಂಬ ಮಾತು ನನ್ನ ತಲೆಗೆ ಹೊಕ್ಕದ್ದು. ನಾನು ನಮ್ಮೂರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು. ಪದಗಳ ಹುಟ್ಟು ಹೇಳುವ ಪಾಂಡಿತ್ಯ ನನಗೆಲ್ಲಿಂದ ಬರಬೇಕು! ಆದರೂ ಊರಿನಲ್ಲಿ ಒಂದೇ ಮುಖ ತೋರಿಸಿಕೊಂಡು ತೆಪ್ಪಗಿದ್ದ ಪದ, ಈ ಚೆನ್ನೈಗೆ ಬಂದ ಮೇಲೆ ಎದುರು ಮನೆಯಲ್ಲಿ ಒಂದು, ಕೆಳಗಿನ ಮನೆಯಲ್ಲಿ ಇನ್ನೊಂದು ಮುಖ ತೋರಿಸತೊಡಗಿದರೆ, ನೆಂಟರ ಮದುವೆಯಲ್ಲಿ ಗುರುತಿನ ಹುಡುಗಿಯನ್ನು ಬೇರೆ ಸೀರೆಯಲ್ಲಿ ಕಂಡ ಹಾಗೆ ಸುಮ್ಮನೆ ನೋಡುತ್ತ ನಿಲ್ಲಬೇಕು ಅನ್ನಿಸುತ್ತದೆ.

ನನಗೆ ಗೊತ್ತಿದ್ದ ಮಡಿ ನನ್ನ ಅತ್ತೆಯದು. ಕಪಿಲೆಯ ದಂಡೆಯ ಆ ಊರಿಗೆ ನಾನು ಸೊಸೆಯಾಗಿ ಹೋದಾಗ, ನಡುಮನೆಯ ಸೂರಿಗೆ ತೂಗುಹಾಕಿದ ಒಂದು ಬಿದಿರಿನ ಗಳುವಿನ ಮೇಲೆ ಅತ್ತೆಯ ಒಗೆದ ಸೀರೆ ಒಂಟಿಯಾಗಿ ಒಣಗುತ್ತಿತ್ತು. ಅದನ್ನು ಕೈಯಿಂದ ಎಳೆಯುವಂತಿಲ್ಲ. ಮೂಲೆಯಲ್ಲಿಟ್ಟ ಕೋಲಿನಿಂದ ಎತ್ತಿ ಇಳಿಸಿಕೊಳ್ಳಬೇಕು. ಆ ಸೀರೆಯುಟ್ಟು ಅವರು ಅಡಿಗೆಮನೆ ಹೊಕ್ಕರೆಂದರೆ ನಾವೆಲ್ಲ ಗೋಡೆಗೆ ಅಂಟಿಕೊಂಡು ಓಡಾಡುತ್ತಿದ್ದೆವು. ಆಮೇಲೆ ನಿಮ್ಮ ಅಮ್ಮ ಸುಮಿತ್ರ ಹುಟ್ಟಿ ಅಂಬೆಗಾಲಿಡುವ ಕೂಸಾದಳು. ಅಜ್ಜಿಯ ನೆರಿಗೆ ಹಿಡಿಯಲು ಹೋದರೆ, "ಏಯ್, ಮುಟ್ಬೇಡ ಕಣೆ, ಮಡಿ! ಲೇ ಇವಳೇ, ಎತ್ಕೊಂಡ್ ಹೋಗೇ ನಿನ್ ಮಗಳ್ನ!" ಎಂದು ಒಲೆಯ ಮುಂದಿನಿಂದಲೇ ಕೂಗು ಬರುತ್ತಿತ್ತು. ಅದೇ ಅತ್ತೆ, ದೇವರ ನೈವೇದ್ಯವಾಗಿ ಎಲ್ಲರ ಊಟವೂ ಮುಗಿದ ಮೇಲೆ, ಸೀರೆ ಬದಲಿಸಿ ಜಗಲಿಯ ಮೇಲೆ ಕಾಲು ನೀಡಿ ಕೂತು, "ಬಾರೇ ನನ್ನ ಬಂಗಾರಿ, ಈಗ ಬಾ" ಎಂದು ಕರೆದು, ಸಂಜೆಯವರೆಗೂ ಆ ಕೂಸನ್ನು ಮಡಿಲಿನಿಂದ ಇಳಿಸುತ್ತಿರಲಿಲ್ಲ. ಬೆಳಿಗ್ಗೆ ಮಡಿ, ಮಧ್ಯಾಹ್ನ ಮಡಿಲು. ಎರಡೂ ಒಬ್ಬಳೇ ಹೆಂಗಸಿನವು.

ಆ ಬಟ್ಟೆಗಳನ್ನು ಒಗೆದು ತರುತ್ತಿದ್ದವನು ಊರ ಮಡಿವಾಳ. ಬಟ್ಟೆಯನ್ನು ಮಡಿ ಮಾಡುವವನು ಎಂದೇ ಅವನಿಗೆ ಆ ಹೆಸರು. ಆದರೆ ಅವನು ತಂದಿಟ್ಟ ಶುಭ್ರವಾದ ಗಂಟನ್ನು ಅತ್ತೆ ಮತ್ತೊಮ್ಮೆ ನೀರಿಗದ್ದಿಯೇ ಒಳಗೆ ತೆಗೆದುಕೊಳ್ಳುತ್ತಿದ್ದರು. ಮಡಿ ಮಾಡಿದ ಕೈ ಮುಟ್ಟಿದರೆ ಮಡಿ ಹೇಗೆ ಹೋಗುತ್ತದೆ ಎಂದು ನನಗೆ ಆಗಲೂ ತಿಳಿಯಲಿಲ್ಲ. ಕೇಳಲಿಲ್ಲ ಕೂಡ. ಆ ಮನೆಯಲ್ಲಿ ಸೊಸೆಯರು ಪ್ರಶ್ನೆ ಕೇಳುವ ಪದ್ಧತಿ ಇರಲಿಲ್ಲ. ಇದ್ದಿದ್ದರೂ ಕೇಳುವವಳು ನಾನಲ್ಲ.

ನಿಮ್ಮ ತಾತ ಹೋಗಿ ಕೆಲವು ವರ್ಷಗಳ ಮೇಲೆ ಊರಿನ ಮನೆ ಪಾಲಾಗಿ, ಭಾವನ ಮಕ್ಕಳು ಅಲ್ಲಿ ಸುಖವಾಗಿದ್ದಾರೆ. ನಾನು ಮಗಳ ಮನೆಗೆ ಬಂದೆ. ಬಂದ ಹೊಸತರಲ್ಲಿ, ಎದುರು ಮನೆಯ ಸೆಲ್ವಿ ಇಳಾಳನ್ನು ಕರೆಯುತ್ತ, "ವಾಡೀ ಚೆಲ್ಲಂ, ಅತ್ತೆ ಮಡಿಲ ಉಕ್ಕಾರು" ಎಂದಾಗ ನಾನು ಅಭ್ಯಾಸಬಲದಿಂದ ಎರಡು ಹೆಜ್ಜೆ ಹಿಂದೆ ಸರಿದೆ. ಸೆಲ್ವಿ ತಮಿಳಿನವಳು; ಅವಳ ಮಾತಿನಲ್ಲಿ ಮಡಿ ಎಂದರೆ ತೊಡೆ, ಮಡಿಲು, ಕೂಸು ಕೂರುವ ಜಾಗ. ಬಾರೇ ಚಿನ್ನ, ಅತ್ತೆಯ ಮಡಿಲಲ್ಲಿ ಕೂತುಕೋ ಎಂದಿದ್ದಳು. ಹಸುವಿನ ಕೆಚ್ಚಲಿಗೂ ಅವರು ಮಡಿ ಎನ್ನುತ್ತಾರಂತೆ. ಸೊಂಟದಲ್ಲಿ ಸೀರೆಯನ್ನು ಮಡಚಿ ಕಾಸು, ಎಲೆಯಡಿಕೆ ಸಿಕ್ಕಿಸಿಕೊಳ್ಳುವ ಸಂಚಿಗೂ ಮಡಿ. ನಮ್ಮಲ್ಲಿ ದೂರ ನಿಲ್ಲು ಎನ್ನುವ ಮಾತು, ಒಂದು ಬಾಗಿಲು ದಾಟಿದರೆ ಹತ್ತಿರ ಬಾ ಎನ್ನುತ್ತದೆ. ಅನಘಾ, ನಿನ್ನ ತಮಿಳು ಪಾಠದಲ್ಲಿ ಲ್ಯಾಪ್‌ಟಾಪಿಗೆ 'ಮಡಿಕ್ಕಣಿನಿ' ಎಂದಿದೆಯೆಂದು ನೀನು ತೋರಿಸಿದ ದಿನ ನಾನು ಒಬ್ಬಳೇ ಅಡಿಗೆಮನೆಯಲ್ಲಿ ಎಷ್ಟು ನಕ್ಕೆ ಗೊತ್ತೇ? ಮಡಿಲಲ್ಲಿಟ್ಟುಕೊಳ್ಳುವ ಗಣಕ ಎಂದು ಅದರ ಅರ್ಥ. ಆದರೆ ಈ ಮನೆಯಲ್ಲಿ ನನ್ನ ಅತ್ತೆಯ ಸೀರೆಯಷ್ಟೇ ಮಡಿಯಿಂದಿರುವ ವಸ್ತು ಎಂದರೆ ನಿಮ್ಮ ಅಮ್ಮನ ಆ ಲ್ಯಾಪ್‌ಟಾಪು ಒಂದೇ. "ಯಾರೂ ಮುಟ್ಬೇಡಿ, ಆಫೀಸಿಂದು!" ಎಂದು ಅವಳು ಕೂಗುವಾಗ ಥೇಟು ಅವಳ ಅಜ್ಜಿಯದೇ ದನಿ.

ಕೆಳಗಿನ ಮನೆಯ ಲೀಲಾ ಸಿಸ್ಟರ್ ಕೇರಳದವರು, ಕೀಲ್ಪಾಕಿನ ಕಡೆ ಒಂದು ಆಸ್ಪತ್ರೆಯಲ್ಲಿ ನರ್ಸು. ಶಾಲೆಗೆ ಏಳದೆ ಮುಸುಕೆಳೆದುಕೊಂಡ ಮಗನನ್ನು ಅವರು 'ಮಡಿಯನ್' ಎಂದು ಬಯ್ಯುವುದು ಮೆಟ್ಟಿಲಿನವರೆಗೂ ಕೇಳುತ್ತದೆ. ಅವರಲ್ಲಿ ಮಡಿ ಎಂದರೆ ಸೋಮಾರಿತನ. ಅಷ್ಟೇ ಅಲ್ಲ, ಹಿಂಜರಿಕೆಗೂ ಅದೇ ಮಾತು. ಒಮ್ಮೆ ರಕ್ತದೊತ್ತಡ ನೋಡಿಸಿಕೊಳ್ಳಲು ಹೋದವಳು ಅವರ ಬಾಗಿಲಲ್ಲೇ ನಿಂತು, ಕರೆಗಂಟೆ ಒತ್ತಲೋ ಬೇಡವೋ ಎಂದು ಸೆರಗಿನ ತುದಿ ಹೊಸೆಯುತ್ತಿದ್ದಾಗ, ಅವರೇ ಬಾಗಿಲು ತೆರೆದು, "ಅಮ್ಮಕ್ಕೆಂದಾ ಇತ್ರ ಮಡಿ? ವಾ, ಇರಿಕ್ಕ್" ಎಂದರು. ಯಾಕಮ್ಮ ಇಷ್ಟು ಸಂಕೋಚ, ಬಾ, ಕೂತುಕೋ ಎಂದು. ಜೀವಮಾನವೆಲ್ಲ ನನ್ನೊಳಗಿದ್ದ ಒಂದು ಗುಣಕ್ಕೆ ಬೇರೆ ಭಾಷೆಯೊಂದು ಇಷ್ಟು ಪರಿಚಿತ ಹೆಸರಿಟ್ಟು ಕಾಯುತ್ತಿತ್ತೆಂದು ನನಗೆ ಆಶ್ಚರ್ಯವಾಯಿತು.

ಇನ್ನು ಸೆಲ್ವಿಯ ಅತ್ತೆ. ಅವರು ನೆಲ್ಲೂರು ಕಡೆಯ ತೆಲುಗಿನವರು. ನನ್ನ ಹಾಗೆಯೇ ಗಂಡನನ್ನು ಕಳೆದುಕೊಂಡು ಮಗನ ಮನೆಯ ಬಾಲ್ಕನಿಯಲ್ಲಿ ಕೂರುವವರು. ಬಾಗಿಲುಗಳು ಎದುರುಬದುರಾದರೂ ನಮ್ಮಿಬ್ಬರ ಬಾಲ್ಕನಿಗಳು ಅಕ್ಕಪಕ್ಕ. ಅವರ ತೆಲುಗು ನನಗೆ ಅರ್ಧ ತಿಳಿಯುತ್ತದೆ, ನನ್ನ ಕನ್ನಡ ಅವರಿಗೆ ಅರ್ಧ. ಎರಡು ಅರ್ಧ ಸೇರಿದರೆ ಒಂದು ಮಧ್ಯಾಹ್ನಕ್ಕೆ ಸಾಕು. "ಮಾ ಮಡಿಲೋ ನೀಳ್ಳು ನಿಂಡುಗಾ ಉಂಡೇವಿ" ಎಂದು ಅವರೊಮ್ಮೆ ಹೇಳಿದಾಗ ಅವರ ಮುಖ ಬೆಳಗಿತು. ನಮ್ಮ ಮಡಿಯಲ್ಲಿ ತುಂಬ ನೀರಿರುತ್ತಿತ್ತು ಎಂದು. ಅವರ ಮಡಿ ಎಂದರೆ ಗದ್ದೆ. ನಮ್ಮಲ್ಲೂ ಸಸಿಮಡಿ ಎನ್ನುತ್ತೇವಲ್ಲ, ಪೈರು ನಾಟಿಗೆ ಮುಂಚೆ ಬೀಜ ಚೆಲ್ಲಿ ಮೊಳಕೆ ಬರಿಸುವ ಆ ಪುಟ್ಟ ಪಾತಿ, ಅದೇ. ಸುತ್ತಲೂ ಬದು ಏರಿಸಿ ನಡುವೆ ನೀರು ನಿಲ್ಲಿಸಿಕೊಂಡ ಗದ್ದೆಯನ್ನು ನೀವು ನೋಡಿಲ್ಲ. ನೋಡಿದರೆ ಅದೂ ಚಕ್ಕಳಮಕ್ಕಳ ಹಾಕಿ ಕೂತ ತಾಯಿಯ ಮಡಿಲಿನ ಹಾಗೇ ಇದೆ ಎನ್ನುತ್ತೀರಿ.

ಎಲ್ಲದಕ್ಕೂ ಬೇರು 'ಮಡಚು' ಎಂಬುದೇ ಇರಬೇಕು ಎಂದು ನಿಮ್ಮ ಅಪ್ಪ ಯಾವುದೋ ದೊಡ್ಡ ನಿಘಂಟು ನೋಡಿ ಹೇಳಿದರು. ಬಲ್ಲವರಲ್ಲೂ ಎಲ್ಲರೂ ಒಂದೇ ಮಾತು ಹೇಳುವುದಿಲ್ಲವಂತೆ. ಮಡಚಿದ್ದು ಮಡಿಕೆ. ಕಾಲು ಮಡಚಿದರೆ ಆಗುವುದು ಮಡಿಲು. ಒಗೆದು ಮಡಚಿಟ್ಟದ್ದು ಮಡಿಬಟ್ಟೆ; ಬಟ್ಟೆಯ ಶುಭ್ರತೆ ಉಟ್ಟವರ ಶುಭ್ರತೆಯಾಗಿ, ಆಮೇಲೆ ಆಚಾರವಾಗಿ ಬೆಳೆದಿರಬೇಕು. ಎರಡು ಸಲ ಮಡಚಿದರೆ ಇಮ್ಮಡಿ, ನೂರು ಸಲವಾದರೆ ನೂರ್ಮಡಿ. ಯುದ್ಧದಲ್ಲಿ ಸತ್ತವರನ್ನು 'ಮಡಿದರು' ಎನ್ನುತ್ತೇವೆ. ನಿಂತ ಮೈ ಬಟ್ಟೆಯಂತೆ ಕೆಳಗೆ ಮಡಚಿಕೊಳ್ಳುವುದನ್ನು ಕಂಡವರು ಯಾರೋ ಆ ಮಾತು ಕಟ್ಟಿರಬೇಕು. ನಿಮ್ಮ ತಾತ ಯುದ್ಧದಲ್ಲಿ ಹೋದವರಲ್ಲ. ಹಟ್ಟಿಯಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದವರು ಕಂಬ ಹಿಡಿದುಕೊಂಡು ಮೆಲ್ಲಗೆ ಕೂತರು, ಹಾಗೇ ಒರಗಿದರು. ಆದರೂ ನನಗೆ ಆ ಮಾತು ಅವರಿಗೂ ಸಲ್ಲುತ್ತದೆ ಅನ್ನಿಸುತ್ತದೆ.

ಇಷ್ಟೆಲ್ಲ ಬರೆಯಲು ಕಾರಣ ಅನಘಾಳ ಒಂದು ಪ್ರಶ್ನೆ. ನಿಮ್ಮ ಅಮ್ಮ ನಾಗಪುರಕ್ಕೆ ಹೊರಟ ದಿನ ಸಂಜೆ, "ಅಜ್ಜೀ, ಅಮ್ಮಾಕ್ಕು ಎದುಕ್ಕು ಅರಿಸಿ ಕುಡುತ್ತೀಂಗ? ಎದುಕ್ಕು ಅಳುದೀಂಗ?" ಎಂದು ಅವಳು ಕೇಳಿದಳು. ಅಮ್ಮನಿಗೆ ಯಾಕೆ ಅಕ್ಕಿ ಕೊಟ್ಟೆ, ಯಾಕೆ ಅತ್ತೆ ಎಂದು. ಬಾಯಿಂದ ಬಾರದ್ದು ಕೈಯಿಂದ ಬರುತ್ತದೆಯೇನೋ ಎಂದು ಬರೆಯುತ್ತಿದ್ದೇನೆ. ನೀವು ಕನ್ನಡ ಅಕ್ಷರಗಳನ್ನು ಇನ್ನೂ ಕೂಡಿಸಿ ಕೂಡಿಸಿ ಓದುವವರು. ಅಮ್ಮ ಬಂದಾಗ ಅವಳ ಕೈಯಲ್ಲಿ ಓದಿಸಿಕೊಳ್ಳಿ.

ನಮ್ಮ ಕಡೆ ತವರಿಗೆ ಬಂದ ಮಗಳು ವಾಪಸು ಹೊರಟಾಗ ಬರಿಗೈಯಲ್ಲಿ ಕಳಿಸುವುದಿಲ್ಲ. ದೇವರ ಮುಂದೆ ಅವಳನ್ನು ನಿಲ್ಲಿಸಿ, ಅವಳು ಒಡ್ಡಿದ ಸೆರಗಿಗೆ ಅಕ್ಕಿ, ಬೆಲ್ಲದಚ್ಚು, ಕೊಬ್ಬರಿ, ಅರಿಸಿನದ ಕೊಂಬು, ಒಂದು ರವಿಕೆ ಬಟ್ಟೆ ಹಾಕುತ್ತೇವೆ. ಅದು ಮಡಿಲಕ್ಕಿ. ಬೊಗಸೆ ಬೊಗಸೆಯಾಗಿ ಅಕ್ಕಿ ಹಾಕಿಸಿಕೊಂಡ ಮಗಳು ಅದರಿಂದ ಒಂದು ಹಿಡಿ ತೆಗೆದು ಮೊರಕ್ಕೆ ವಾಪಸು ಹಾಕಬೇಕು. ತಾನು ತುಂಬಿಸಿಕೊಂಡು ಹೋದದ್ದರಿಂದ ತವರು ಬರಿದಾಗಬಾರದೆಂದು. ಮಡಿಲು ತುಂಬುವವಳು ತಾಯಿಯೇ. ಆದರೆ ಗಂಡನಿಲ್ಲದ ತಾಯಿ ತುಂಬುವಂತಿಲ್ಲ. ಅವಳ ಕೈಯಿಂದ ಮಗಳ ಸಂಸಾರಕ್ಕೆ ಏನಾದರೂ ತಾಗೀತು ಎಂಬ ಭಯ. ಹಾಗೆಯೇ ಅವಳ ಮಡಿಲನ್ನು ಯಾರೂ ತುಂಬುವುದೂ ಇಲ್ಲ.

ನಿಮ್ಮ ತಾತ ಹೋದ ಮೇಲೆ ಸುಮಿತ್ರ ಊರಿಗೆ ಬಂದಾಗಲೆಲ್ಲ ಅಕ್ಕಿ ಆರಿಸಿ ಕಲ್ಲು ತೆಗೆದವಳು ನಾನು, ಕೊಬ್ಬರಿ ಗಿಟುಕು ಒಡೆದವಳು ನಾನು, ರವಿಕೆ ಬಟ್ಟೆಯ ಬಣ್ಣ ಆರಿಸಿದವಳೂ ನಾನೇ. ಹೊರಡುವ ಹೊತ್ತಿಗೆ ಮೊರವನ್ನು ನನ್ನ ಓರಗಿತ್ತಿಯ ಕೈಗೆ ಕೊಟ್ಟು ಅಡಿಗೆಮನೆಯ ಬಾಗಿಲ ಹಿಂದೆ ನಿಲ್ಲುತ್ತಿದ್ದೆ. ಓರಗಿತ್ತಿ ಒಳ್ಳೆಯವರು, "ಬಾರೇ, ಇಲ್ಲೇ ನಿಂತ್ಕೊ, ನೋಡಿದ್ರೆ ಏನಾಗುತ್ತೆ" ಎನ್ನುತ್ತಿದ್ದರು. ನಾನೇ ಹೋಗುತ್ತಿರಲಿಲ್ಲ. ಸುಮಿತ್ರ ಸೆರಗೊಡ್ಡಿ ನಿಂತವಳು ಅಕ್ಕಿಯನ್ನು ನೋಡುತ್ತಿರಲಿಲ್ಲ, ನನ್ನ ಬಾಗಿಲನ್ನು ನೋಡುತ್ತಿದ್ದಳು. ಅವಳೂ ನನ್ನ ಮಗಳೇ ತಾನೇ, ಆಡದೆ ಇಟ್ಟುಕೊಳ್ಳುವುದು ರಕ್ತದಲ್ಲಿ ಬಂದದ್ದು.

ಈ ಸಲ ಬ್ಯಾಂಕಿನವರು ಬಡ್ತಿ ಕೊಟ್ಟು ಅವಳನ್ನು ನಾಗಪುರಕ್ಕೆ ಹಾಕಿದರು. ನಿಮ್ಮಿಬ್ಬರ ಶಾಲೆ, ನಿಮ್ಮ ಅಪ್ಪನ ಕಾರ್ಖಾನೆ ಎಲ್ಲ ಇಲ್ಲೇ ಆದ್ದರಿಂದ ಅವಳೊಬ್ಬಳೇ ಹೋಗುವುದೆಂದಾಯಿತು. ನೀವಿಬ್ಬರೂ ನನ್ನ ವಶಕ್ಕೆ. ಎಲ್ಲವೂ ಸರಿಯಾಗಿಯೇ ಇತ್ತು. ನನ್ನ ತಲೆಯಲ್ಲಿ ಮಾತ್ರ ಒಂದೇ ಚಿಂತೆ, ಇವಳ ಮಡಿಲು ಯಾರು ತುಂಬುವುದು? ಇದು ಅವಳ ಮನೆ, ನನ್ನದಲ್ಲ. ತನ್ನ ಮನೆಯಿಂದಲೇ ಹೊರಡುವ ಮಗಳಿಗೆ ತವರು ಯಾವುದು? ಓರಗಿತ್ತಿ ಇಲ್ಲಿಲ್ಲ. ಹಾಗೆಂದು, ಅಷ್ಟು ದೂರ, ಗೊತ್ತಿಲ್ಲದ ಊರಿಗೆ ಒಬ್ಬಳೇ ಹೋಗುವ ಹೆಣ್ಣನ್ನು ಬರಿಯ ಮಡಿಲಲ್ಲಿ ಹೇಗೆ ಕಳಿಸಲಿ?

ಸಂಕೋಚ ಬಿಟ್ಟು ಸೆಲ್ವಿಯನ್ನು ಕೇಳಿದೆ. ಅವಳಿಗೆ ಅದೆಷ್ಟು ಖುಷಿಯಾಯಿತೆಂದರೆ, "ನಾನಾ? ನಾನ್ ಪಣ್ಣಲಾಮಾ ಅಮ್ಮಾ?" ನಾನು ಮಾಡಬಹುದಾ ಎಂದು ಎರಡೆರಡು ಸಲ ಕೇಳಿ, ಉಡುವ ಸೀರೆ ಯಾವುದೆಂದು ಆಗಲೇ ಲೆಕ್ಕ ಹಾಕತೊಡಗಿದಳು. ನನ್ನ ಎದೆ ಹಗುರಾಯಿತು. ಹೊರಡುವ ದಿನ ಬೆಳಿಗ್ಗೆ ಹಿತ್ತಾಳೆಯ ತಟ್ಟೆಯಲ್ಲಿ ಹೊಸ ಅಕ್ಕಿ, ಬೆಲ್ಲ, ಕೊಬ್ಬರಿ, ಅರಿಸಿನದ ಕೊಂಬು, ಹಸಿರು ರವಿಕೆ ಬಟ್ಟೆ ಎಲ್ಲ ಜೋಡಿಸಿ ದೇವರ ಮುಂದಿಟ್ಟೆ.

ಸೆಲ್ವಿ ಬರಲಿಲ್ಲ. ಅವಳ ಅತ್ತೆಗೆ ಬೆಳಿಗ್ಗೆ ಎದೆ ಹಿಡಿದಂತಾಗಿ ಕೀಲ್ಪಾಕಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಳು. ಗಾಬರಿಯಾಗುವಂಥದ್ದೇನಲ್ಲ, ವಾಯು ಅಂತೆ, ಆದರೆ ಆಸ್ಪತ್ರೆಯವರು ಬಿಡುವುದು ತಡವಾಗುತ್ತಿತ್ತು. ಕಾರು ಬಂದು ಕೆಳಗೆ ನಿಂತಾಗಲೇ ಫೋನು ಬಂತು. "ಅಮ್ಮಾ, ಮನ್ನಿಚ್ಚಿಡುಂಗ, ಇನ್ನುಂ ಇಂಗೇ ತಾನ್ ಇರುಕ್ಕೇನ್. ನೀಂಗಳೇ ಪೋಟ್ಟು ಅನುಪ್ಪುಂಗಮ್ಮಾ. ಪೆತ್ತವ ಪೋಟ್ಟಾ ಎನ್ನ ಕೊರೆ?" ಕ್ಷಮಿಸಿ, ಇನ್ನೂ ಇಲ್ಲೇ ಇದ್ದೇನೆ, ನೀವೇ ಹಾಕಿ ಕಳಿಸಿ, ಹೆತ್ತವಳು ಹಾಕಿದರೆ ಏನು ಕಡಿಮೆ ಎಂದಳು.

"ಏನಂತೆ ಅಮ್ಮ?" ಸುಮಿತ್ರ ಚೂಡಿದಾರದಲ್ಲಿ, ಹೆಗಲಿಗೆ ಲ್ಯಾಪ್‌ಟಾಪಿನ ಚೀಲ ಹಾಕಿಕೊಂಡು ಹೊರಡುವ ಅವಸರದಲ್ಲಿದ್ದಳು.

"ಸೆಲ್ವಿ ಬರಕ್ಕಾಗಲ್ವಂತೆ. ಸ್ವಲ್ಪ ನಿಂತ್ಕೊ, ಲೀಲಾ ಸಿಸ್ಟರ್ ಇದಾರಾ ನೋಡ್ತೀನಿ."

"ಅವ್ರು ಡ್ಯೂಟಿಗೆ ಹೋಗಾಯ್ತು. ನೀನೇ ಹಾಕಮ್ಮ."

"ನಾನು ಹಾಕೋ ಹಾಗಿಲ್ಲ ಕಣೆ. ಗೊತ್ತಲ್ಲ ನಿಂಗೆ."

"ಹಾಗಾದ್ರೆ ಬರೀ ಮಡಿಲಲ್ಲೇ ಹೋಗ್ಲಾ?"

ಅವಳು ಕೋಪದಿಂದ ಕೇಳಲಿಲ್ಲ. ಮಾರುಕಟ್ಟೆಯಲ್ಲಿ ಬದನೆಯೋ ಬೆಂಡೆಯೋ ಎಂದು ಕೇಳುವ ಹಾಗೆ ಕೇಳಿದಳು. ನಿಮ್ಮ ಅಪ್ಪ ಸೂಟ್‌ಕೇಸು ಹಿಡಿದು ಬಾಗಿಲಲ್ಲಿ ನಿಂತವರು, "ಅತ್ತೆ, ನಿಮ್ಗಿಂತ ಒಳ್ಳೇದು ಬಯಸೋರು ಇವಳಿಗೆ ಯಾರಿದಾರೆ ಹೇಳಿ" ಎಂದು ಅಷ್ಟು ಹೇಳಿ ಮೆಟ್ಟಿಲಿಳಿದರು. ಯಾರ ಆಯಸ್ಸಿಗೆ ಕೇಡು ತಟ್ಟೀತೆಂದು ನಾನು ಇಷ್ಟು ವರ್ಷ ಬಾಗಿಲ ಹಿಂದೆ ನಿಂತೆನೋ ಆ ಮನುಷ್ಯನೇ ಹೀಗೆ ಹೇಳಿ ಹೋದ ಮೇಲೆ ನನಗೆ ಉಳಿದ ನೆವ ಯಾವುದು?

ತಟ್ಟೆ ಎತ್ತಿಕೊಂಡೆ. ಎರಡು ಹೆಜ್ಜೆ ಇಟ್ಟಿರಬೇಕು, ತಟ್ಟೆ ಕೈಜಾರಿ ಕವುಚಿಬಿದ್ದು ಅಕ್ಕಿಯೆಲ್ಲ ನೆಲಕ್ಕೆ ಚೆಲ್ಲಿತು. ಬೆಲ್ಲದಚ್ಚು ಸೋಫಾದ ಕೆಳಗೆ ಉರುಳಿತು. ನೋಡಿದೆಯಾ, ಬೇಡವೆಂದು ದೇವರೇ ಹೇಳುತ್ತಿದ್ದಾನೆ ಎಂದು ಕುಸಿದು ಕೂತೆ. ಅಷ್ಟರಲ್ಲಿ ಇಳಾ ಸೋಫಾದ ಕೆಳಗೆ ನುಗ್ಗಿ ಬೆಲ್ಲ ಹಿಡಿದು, ಒಂದು ಮೂಲೆ ಕಚ್ಚಿಯೇ ಹೊರಗೆ ಬಂದಳು.

"ಅಯ್ಯೋ, ಇವಳೊಬ್ಳು ಇಲಿ!" ಸುಮಿತ್ರ ಗೊಳ್ಳೆಂದು ನಕ್ಕಳು. "ಬಿದ್ದಿದ್ದು ಗುಡಿಸಿದ್ರಾಯ್ತು ಕಣಮ್ಮ. ಡಬ್ಬಿ ತುಂಬ ಅಕ್ಕಿ ಇದೆ. ಅನಘಾ, ಓಡು, ಒಂದು ಬಟ್ಟಲು ಅಕ್ಕಿ ತಾ!"

"ಎಂದ ಅರಿಸಿಮ್ಮಾ?" ಎಂದು ಅನಘಾ ಅಡಿಗೆಮನೆಯಿಂದ ಕೂಗಿದಳು. ಯಾವ ಅಕ್ಕಿ ಎಂದು. ಕೆಳಗಿನಿಂದ ಕಾರಿನ ಹಾರನ್ನು. "ಯಾವ್ದೋ ಒಂದು ತಾರೇ, ಹೊತ್ತಾಯ್ತು!" ಎಂದಳು ಸುಮಿತ್ರ.

ಅನಘಾ ತಂದ ಬಟ್ಟಲಿಗೆ ಬೊಗಸೆಯಿಟ್ಟೆ. ಚೂಡಿದಾರಕ್ಕೆ ಸೆರಗೆಲ್ಲಿ? ಸುಮಿತ್ರ ದುಪಟ್ಟಾವನ್ನು ಎರಡೂ ಕೈಯಿಂದ ಚಾಚಿ ಹಿಡಿದಳು. ಅಕ್ಕಿ ಹಾಕಿದೆ. ಮತ್ತೆ ಹಾಕಿದೆ. ಕೊಬ್ಬರಿ, ಅರಿಸಿನದ ಕೊಂಬು, ಇಳಾ ಕಚ್ಚಿದ ಬೆಲ್ಲ, ಮೇಲೆ ಹಸಿರು ಬಟ್ಟೆ. ಹೇಳಬೇಕಾದ ಹರಕೆಯ ಮಾತುಗಳು ನನಗೆ ಬಾಯಿಪಾಠ. ಬಾಗಿಲ ಹಿಂದೆ ನಿಂತು ಎಷ್ಟು ಸಲ ತುಟಿಯಲ್ಲೇ ಹೇಳಿಕೊಂಡಿಲ್ಲ! ಆದರೆ ಆ ಹೊತ್ತಿಗೆ ಒಂದೂ ನೆನಪಾಗಲಿಲ್ಲ. "ಹೊತ್ತಿಗೆ ಸರಿಯಾಗಿ ಊಟ ಮಾಡು" ಎಂದೆ. ಅಷ್ಟೇ ಬಂದದ್ದು.

ದುಪಟ್ಟಾದಿಂದ ಒಂದು ಹಿಡಿ ಅಕ್ಕಿ ತೆಗೆದು ಅವಳು ತಟ್ಟೆಯೆಲ್ಲಿ ಎಂದು ನೋಡಿದಳು. ತಟ್ಟೆ ನೆಲದ ಮೇಲೆ ಕವುಚಿ ಬಿದ್ದಿತ್ತು. ದುಪಟ್ಟಾದ ಅಂಚುಗಳನ್ನು ಸೇರಿಸಿ ಕಂಕುಳಿಗೆ ಸಿಕ್ಕಿಸಿಕೊಂಡು, ಇನ್ನೊಂದು ಕೈಯಿಂದ ನನ್ನ ಸೆರಗಿನ ತುದಿ ಎಳೆದುಕೊಂಡು, "ತವರು ಬರಿದಾಗ್ಬಾರ್ದು ಅಂತ ತಾನೆ?" ಎನ್ನುತ್ತ ಆ ಹಿಡಿಯನ್ನು ಅದರೊಳಗೆ ಹಾಕಿದಳು. ಗಂಟು ಹಾಕಿ, ಮಡಚಿ ನನ್ನ ಸೊಂಟಕ್ಕೆ ತಾನೇ ಸಿಕ್ಕಿಸಿದಳು. ಕಾಲು ಮುಟ್ಟಿ ನಮಸ್ಕಾರ ಮಾಡಿ, ನಿಮ್ಮಿಬ್ಬರ ತಲೆಗೂ ಮುತ್ತಿಟ್ಟು, ದುಪಟ್ಟಾದ ಗಂಟನ್ನು ಎದೆಗವಚಿಕೊಂಡು ಇಳಿದು ಹೋದಳು.

ನಿಮ್ಮ ತಾತ ಹೋದಂದಿನಿಂದ ನನ್ನ ಮಡಿಲಿಗೆ ಯಾರೂ ಏನೂ ಹಾಕಿರಲಿಲ್ಲ. ಹಾಕಬೇಕೆಂದು ನಾನು ಬಯಸಿದ್ದೆನೆಂದೂ ನನಗೆ ಗೊತ್ತಿರಲಿಲ್ಲ. ಅನಘಾ, ನೀನು ಕೇಳಿದೆಯಲ್ಲ ಯಾಕೆ ಅತ್ತೆನೆಂದು, ಇದಕ್ಕೇ.

ಕಾರು ತಿರುವು ದಾಟಿದ ಮೇಲೆ ಇಳಾ ಅಮ್ಮಾ ಎಂದು ಶುರುಮಾಡಿದಳು. ಅವಳನ್ನು ಎಳೆದು ಕೂರಿಸಿಕೊಂಡೆ. ಸೊಂಟದಲ್ಲಿ ಅಕ್ಕಿ, ತೊಡೆಯ ಮೇಲೆ ಅವಳು. ಅತ್ತು ಅತ್ತು ಅಲ್ಲೇ ನಿದ್ದೆ ಹೋದಳು. ಸೆಲ್ವಿ ಮಧ್ಯಾಹ್ನ ಅತ್ತೆಯನ್ನು ಮೆಲ್ಲಗೆ ನಡೆಸಿಕೊಂಡು ಬಂದು, ನಮ್ಮ ಮನೆಯ ಬಾಗಿಲಲ್ಲಿ ಹಣಿಕಿ, ಚೆಲ್ಲಿದ ಅಕ್ಕಿಯ ನಡುವೆ ಮಗುವನ್ನು ಮಲಗಿಸಿಕೊಂಡು ಕೂತ ನನ್ನನ್ನು ನೋಡಿ ಪೊರಕೆ ತೆಗೆದುಕೊಂಡಳು. ಅವಳ ಅತ್ತೆ ಮಾತ್ರ ಕುರ್ಚಿ ಎಳೆದುಕೊಂಡು ಕೂತು, "ನುವ್ವೇ ಪೆಟ್ಟಾವಾ?" ನೀನೇ ಹಾಕಿದೆಯಾ ಎಂದರು. ಹೌದೆಂದು ತಲೆಯಾಡಿಸಿದೆ. ಅವರು ಬಹಳ ಹೊತ್ತು ನನ್ನ ಕೈಗಳನ್ನೇ ನೋಡುತ್ತಿದ್ದರು. ಅವರಿಗೂ ಇಬ್ಬರು ಹೆಣ್ಣುಮಕ್ಕಳು, ನೆಲ್ಲೂರಿನಲ್ಲಿ.

ರಾತ್ರಿ ರೈಲಿನಿಂದ ಫೋನು ಮಾಡಿದ ಸುಮಿತ್ರಳಿಗೆ ಮಡಿಲಕ್ಕಿ ಎಲ್ಲಿಟ್ಟೆ ಎಂದು ಕೇಳಿದೆ. "ಲ್ಯಾಪ್‌ಟಾಪ್ ಬ್ಯಾಗಲ್ಲೇ ಅಮ್ಮ. ಅದನ್ನ ಮಾತ್ರ ಯಾರೂ ಮುಟ್ಟಲ್ಲ" ಎಂದಳು.

ಮಾರನೆಯ ದಿನ ಎಂದಿನಂತೆ ಒಣಗಿದ ಬಟ್ಟೆಗಳ ಗುಡ್ಡೆ ಹಾಕಿಕೊಂಡು ಕೂತೆ. ಅವುಗಳಲ್ಲಿ ಸುಮಿತ್ರಳದೊಂದೂ ಇರಲಿಲ್ಲ. ಹಿಂದಿನ ದಿನ ಉಟ್ಟಿದ್ದ ಸೀರೆಯನ್ನು ಒಗೆಯಲು ಹಾಕುವ ಮುನ್ನ ಕೊಡವಲೆಂದು ಸೆರಗಿನ ಗಂಟು ಬಿಚ್ಚಿದರೆ, ಮಡಿಕೆಯಿಂದ ಆ ಹಿಡಿ ಅಕ್ಕಿ ನನ್ನ ತೊಡೆಯ ಮೇಲೆ ಸುರಿಯಿತು. ಆಗಲೇ ನಾನು ಅದನ್ನು ಬೆಳಕಿನಲ್ಲಿ ನೋಡಿದ್ದು. ಗುಂಡಗಿನ, ಹಳದಿ ಛಾಯೆಯ ಕಾಳು. ಇಡ್ಲಿ ಅಕ್ಕಿ! ಅನಘಾ ಅವಸರದಲ್ಲಿ ಕೈಗೆ ಸಿಕ್ಕ ಡಬ್ಬಿಯಿಂದ ತಂದದ್ದು ಕುಸುಬಲಕ್ಕಿ. ಭತ್ತದಲ್ಲೇ ಒಮ್ಮೆ ಬೇಯಿಸಿ ಒಣಗಿಸಿದ್ದು. ಬೆಂದ ಅಕ್ಕಿಯನ್ನು ನಮ್ಮಲ್ಲಿ ಯಾವ ಶುಭಕ್ಕೂ ಬಳಸುವುದಿಲ್ಲ. ಅಕ್ಷತೆಗೆ ಇಲ್ಲ, ಮಡಿಲಿಗಂತೂ ಇಲ್ಲವೇ ಇಲ್ಲ. ನನ್ನ ಅತ್ತೆ ಇದ್ದಿದ್ದರೆ ಊರೆಲ್ಲ ಒಂದು ಮಾಡುತ್ತಿದ್ದರು. ಹಾಕಬಾರದವಳು, ಹಾಕಬಾರದ ಅಕ್ಕಿಯನ್ನು ಹಾಕಿ, ಮಗಳನ್ನು ನಾಗಪುರಕ್ಕೆ ಕಳಿಸಿಯಾಗಿದೆ. ಅಲ್ಲಿಂದ ಬೆಳಿಗ್ಗೆಯೇ ಫೋನು ಬಂದಿತ್ತು, ಮನೆ ಚೆನ್ನಾಗಿದೆ, ನೀರಿಗೆ ತೊಂದರೆಯಿಲ್ಲ, ಪಕ್ಕದವರು ಚಹಾ ತಂದುಕೊಟ್ಟರು ಎಂದು.

ಒಂದು ಕಾಳನ್ನು ಬೆರಳುಗಳ ನಡುವೆ ಹಿಡಿದು ನೋಡಿದೆ. ಬೆಂದು, ಬಿಸಿಲಿಗೆ ಒಣಗಿ, ಗಟ್ಟಿಯಾಗಿ ಹೊರಬಂದದ್ದು. ಬೆಂದಿತೆಂದು ಅಕ್ಕಿಯಲ್ಲವೆನ್ನಲಾದೀತೆ? ಈ ಊರಿನಲ್ಲಿ ಪ್ರತಿ ಬೆಳಿಗ್ಗೆ ಎಷ್ಟು ಮನೆಗಳ ಹೊಟ್ಟೆ ತುಂಬುವುದು ಇದರಿಂದಲೇ.

ಆ ಹಿಡಿಯನ್ನು ಅದು ಬಂದ ಡಬ್ಬಿಗೇ ಸುರಿದು ಬಂದೆ; ತವರಿಗೆ ಮರಳಿದ ಅಕ್ಕಿ ಮನೆಯ ಅಕ್ಕಿಯೊಳಗೆ ಬೆರೆಯಬೇಕಾದದ್ದೇ ಪದ್ಧತಿ. ಆಮೇಲೆ ಸೀರೆಯನ್ನು ಎತ್ತಿಕೊಂಡೆ. ಸೆರಗಿನಂಚಿನ ಹೊಲಿಗೆಯ ಮಡಿಕೆಯಲ್ಲಿ ಇನ್ನೂ ಎರಡೋ ಮೂರೋ ಕಾಳು ಸಿಕ್ಕಿಕೊಂಡಿದ್ದವು. ಒಗೆಯದ ಸೀರೆ ಮಡಿಯಲ್ಲ, ಗೊತ್ತು. ಕೊಡವಲಿಲ್ಲ. ಮೊಣಕಾಲಿನ ಮೇಲಿಟ್ಟು, ಅಂಚಿಗೆ ಅಂಚು ಸೇರಿಸಿ, ಕಾಳುಗಳು ಜಾರದ ಹಾಗೆ ಮೆಲ್ಲಗೆ ಸವರಿ ಮಡಿಸಿದೆ. ಕಪಾಟಿನಲ್ಲಿ, ನಿಮ್ಮ ಅಮ್ಮನ ಬಟ್ಟೆಗಳಿದ್ದು ಈಗ ಖಾಲಿಯಾಗಿರುವ ಅರೆಯಲ್ಲಿ ಅದನ್ನಿಟ್ಟಿದ್ದೇನೆ. ನಿಮಗೆ ಅಮ್ಮನ ನೆನಪಾದಾಗ ಮುಟ್ಟಿ ನೋಡಿ.